ಎಡಗೈ ರೊಟ್ಟಿ

ಮೊದಲನೇ ಸಲ ಅದು ಒದ್ದಾಗ
ಹಂಚಿನ ಮ್ಯಾಲ ಒಂದು ಇತ್ತು, ಪರಾತದಾಗ ಒಂದು.
ಒಳಗಿಂದ ಕತ್ತಿ ಒದ್ದಂಗ.
ಹಿಟ್ಟು ಹಾರಿ ಮೌಲಾಬಿಯ ಹುಬ್ಬಿಗೆ ಹತ್ತಿತು.
"ಒಲ್ಯಾಗ ಕರೆಂಟ್ ಬಂದದ ಏನು?" ಅಂದಳು ಅಕಿ.
ಒಲ್ಯಾಗ ಇರಲಿಲ್ಲ. ನನ್ನಾಗ ಇತ್ತು.

ಶಹಾಬಜಾರ ನಾಕಾದ ಹಿಂದ, ತಗಡಿನ ಶೆಡ್ಡಿನ್ಯಾಗ
ನಾವು ಐದು ಮಂದಿ, ದಿನಕ್ಕ ಆರುನೂರು ರೊಟ್ಟಿ.
ಮದವಿ ಮನಿಗೆ ಕಡಕ್, ಖಾನಾವಳಿಗೆ ಮೆತ್ತಂದು.
ನನ್ನ ರೊಟ್ಟಿ ಗಿರಾಕಿಗಳು ಗುರ್ತು ಹಿಡೀತಿದ್ರು,
ಬೆರಳಿನ ಅಚ್ಚು ಉಲ್ಟಾ ಇರ್ತಿದ್ವು:
ನಾ ಎಡಚಿ.

ಹೋದ ವರ್ಷ ಎದಿ ಹಾದಿ ಬಿಟ್ಟು ಓಡಿ
ಗಿರಣಿ ಮುಂದ ಬಿದ್ದಿದ್ದೆ, ಜ್ವಾಳದ ಡಬ್ಬಿ ಸಮೇತ.
ಸೇಡಂ ರೋಡಿನ ದವಾಖಾನ್ಯಾಗ
ಎಡಗಡಿ ಕೊರಳೆಲುಬಿನ ಕೆಳಗ ಚರ್ಮದ ಚೀಲ ಮಾಡಿ
ಬೆಂಕಿಪೆಟಗಿಯಷ್ಟು ಒಬ್ಬ ಕಾವಲುಗಾರನ್ನ ಇಟ್ಟು ಹೊಲದ್ರು,
ನರದಾಗಿಂದ ಎದಿತನಾ ಒಂದು ತಂತಿ ಇಳಿಬಿಟ್ರು.
"ಓಡಿದ್ರ ಇದು ಹಿಡದು ನಿಲ್ಲಸ್ತದ" ಅಂದ್ರು.
ಬಿಪಿ, ಸಕ್ಕರಿ, ರೇಷನ್ ಕಾರ್ಡು ಎಲ್ಲಾ ಕೇಳಿದ್ರು.
ಯಾವ ಕೈಲೆ ರೊಟ್ಟಿ ಬಡೀತಿ ಅಂತ
ಯಾರೂ ಕೇಳಲಿಲ್ಲ.

ಎರಡನೇದು ಬುಧವಾರ. ಮೂರು, ನಾಕು ಒಂದೇ ಸಂಜಿಗೆ.
ಆಮ್ಯಾಲ ಮುಂಜಾನಿ ಒಂಬತ್ತಕ್ಕ ಸರಿಯಾಗಿ
ಎದಿ ಕುಂಯ್ ಅಂತ ಕೂಗಲಿಕ್ಕ ಸುರು ಮಾಡಿತು.
ಎಲ್ಲಾರೂ ತಮ್ಮ ತಮ್ಮ ಫೋನು ನೋಡಕೊಂಡ್ರು.
ನಾನೂ ನೋಡಿದೆ, ಸುಳ್ಳೇ.
ಒಂದು ವಾರ ಒಂಬತ್ತಕ್ಕ ಸಂಡಾಸದಾಗ ಹೋಗಿ ನಿಂತೆ.
ಹೆದರಿಕಿ ಬಂದು ಕೈಯಾಗ ಕುಂತಿತ್ತು,
ಹಿಟ್ಟಿಗೆ ಚಾಚಿದ್ರ
ಬೆರಳು ತಾವೇ ಮಡಚಕೊಳ್ತಿದ್ವು.

ಕಂಪನಿ ಹುಡುಗ ಬಂದ, ಮೈಸೂರು ಕಡಿಯವ, ಇಸ್ತ್ರಿ ಅಂಗಿ.
ಎದಿ ಮ್ಯಾಲ ಒಂದು ಬಿಲ್ಲಿ ಇಟ್ಟು ಲ್ಯಾಪ್‌ಟಾಪ್ ತಗದ.
ಅದರಾಗ ನನ್ನ ದಿನಗಳು ಸಾಲಾಗಿ ನಿಂತಿದ್ವು.
"ಸಂಜೆ ಆರೂವರೆ, ಆರೂ ಮುಕ್ಕಾಲು, ಮತ್ತೆ ಆರೂವರೆ.
ಆ ಹೊತ್ತಿಗೆ ಏನು ಮಾಡ್ತಾ ಇದ್ರಿ, ಅಮ್ಮ?"
ರೊಟ್ಟಿ.
"ಲಟ್ಟಿಸ್ತಾ ಇದ್ರಾ?"
ಲಟ್ಟಸೂದಲ್ಲೋ ತಮ್ಮಾ, ಬಡಿಯೂದು.
ಅವನಿಗಿ ತಿಳೀಲಿಲ್ಲ. ಮೇಜಿನ ಮ್ಯಾಲ ಎಡಗೈ ಇಟ್ಟು
ತೋರಿಸಿದೆ, ತಿರುವಿ ತಿರುವಿ, ಪಟ ಪಟ ಪಟ.
ಪರದಾದ ಮ್ಯಾಲ ಗೆರಿ ಹುಚ್ಚೆದ್ದು ಕುಣೀತು.
ಅವನ ಮಾರಿ ಬೆಳ್ಳಗಾತು.
"ಸಾಕು, ಕೈ ತೆಗೀರಿ, ಕೈ ತೆಗೀರಿ!"

ತಂತಿ ಎಲುಬಿನ ಸಂದ್ಯಾಗ ತಿಕ್ಕಿ ತಿಕ್ಕಿ ಬಿರದಿತ್ತು.
ನಾ ರೊಟ್ಟಿ ಬಡದಾಗೊಮ್ಮೆ ಅದು ಒಳಗ ಸದ್ದು ಮಾಡಿ,
ಆ ಕಾವಲುಗಾರ, ಪಾಪ, ಅದನ್ನೆಲ್ಲಾ ಎಣಿಸಿ
ಎದಿ ಓಡ್ಲತದ ಅಂತ ತಿಳಕೊಂಡು ಒದೀತಿದ್ದ.
ಎರಡೂ ಬಡಿತಾನೇ. ಅವನಿಗಿ ಹ್ಯಾಂಗ ಗೊತ್ತಾಗಬೇಕು,
ಹೊಟ್ಟಿಗಿ ಬಡಿಯೂದು ಯಾವುದು,
ಜೀವಕ್ಕ ಬಡಿಯೂದು ಯಾವುದು?
ಮೂವತ್ತು ವರ್ಷಾತು, ನನಗೂ ಪಕ್ಕಾ ಗೊತ್ತಿಲ್ಲ.

ಸೋಮಾರ ತಂತಿ ಬದಲಸ್ತಾರಂತ.
ಅಲ್ಲಿತನಾ ಒದಿಯೂದು ಬಂದ್ ಮಾಡಿ ವಾರ್ಡಿನ್ಯಾಗ ಇಟ್ಟಾರ,
ತಲಿ ಬಾಜೂಕ ಟಿವಿಯಂಥಾದೊಂದು, ಅದರಾಗ ನನ್ನ ಗೆರಿ.
ಮೌಲಾಬಿ ಬುತ್ತಿ ತಂದಿದ್ದಳು:
ಪುಂಡಿ ಪಲ್ಯ, ಅಕಿ ಬಡದ ರೊಟ್ಟಿ.
ಛಲೋ ಅದ ಅಂದೆ. ದಪ್ಪ ಇತ್ತು.

ರಾತ್ರಿ, ಎಲ್ಲಾರೂ ಮಲಗಿದ ಮ್ಯಾಲ,
ಚಾದರಿನ ಮ್ಯಾಲ ಬಲಗೈ ಇಟ್ಟು ಕಲೀಲತೀನಿ.
ಪಟ. ಪಟ.
ಗೆರಿ ತನ್ನ ಪಾಡಿಗೆ ತಾ ನಡದದ.
ಹಿಟ್ಟಿಲ್ಲದ ರೊಟ್ಟಿ ತಿರುಗವಲ್ದು,
ಅಂಚು ಸೀಳ್ಲತದ.
ನರ್ಸಮ್ಮಾ, ಎಚ್ಚರ ಇದ್ದೀರೇನ್ರಿ,
ಒಂದೀಟು ನೀರು ಕೊಡ್ರಿ,
ಕೈಗಿ.